ನ್ಯಾರೋಸ್‌ನ ಹೊಳೆಯೊಳಗೆ ನಡೆಯಲು ಯಾವ ಶೂ, ಯಾವ ಕೋಲು?

ಅಮೆರಿಕದ ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿರುವ ನ್ಯಾರೋಸ್ ಕಂದರಕ್ಕೆ ದಾರಿ ಅಂತ ಬೇರೆ ಇಲ್ಲ, ಹೊಳೆಯೇ ದಾರಿ. ವರ್ಜಿನ್ ನದಿಯ ಉತ್ತರ ಕವಲು ಮರಳುಗಲ್ಲನ್ನು ಕೊರೆದು ಮಾಡಿದ ಸೀಳು ಇದು. ಎರಡೂ ಕಡೆ ಸಾವಿರ ಅಡಿಯ ಗೋಡೆ. ಇಕ್ಕಟ್ಟಾದ ಕಡೆ ಅಗಲ 20ರಿಂದ 30 ಅಡಿ ಅಷ್ಟೇ, ಆ ಅಗಲದ ತುಂಬಾ ನೀರು. ಶೂ ಒಳಗೆ ನೀರು ಹೋಗಿಯೇ ಹೋಗುತ್ತದೆ. ಹೋದ ನೀರು ಎಷ್ಟು ಬೇಗ ಹೊರಬರುತ್ತದೆ, ಒಳಗಿದ್ದಷ್ಟು ಹೊತ್ತು ಕಾಲು ಬೆಚ್ಚಗಿರುತ್ತದೆಯೇ ಎಂದು ನೋಡಿ ಸಾಮಾನು ಆರಿಸಬೇಕು. ಈ ಲೆಕ್ಕ ಬಿಟ್ಟು ದುಡ್ಡು ಸುರಿದವರು ತಣ್ಣಗೆ ಕೊರೆಯುವ ಕಾಲಿನಲ್ಲಿ ಅರ್ಧಕ್ಕೇ ಹಿಂದಿರುಗುವುದನ್ನು ಅಲ್ಲಿ ದಿನವೂ ನೋಡಬಹುದು.

ಇಲ್ಲಿ ಹೋಲಿಸಿರುವುದು ಹಾಕಿಕೊಂಡು ನಡೆದು ನೋಡಿದ ನಾಲ್ಕು ಬಗೆಯ ಪಾದರಕ್ಷೆ, ಎರಡು ಬಗೆಯ ಕೋಲು. ದಾರಿ ಹೆಚ್ಚಿನವರು ಹೋಗುವುದೇ: ಟೆಂಪಲ್ ಆಫ್ ಸಿನವಾವಾ ಬಸ್ ನಿಲ್ದಾಣದಿಂದ ಹೊಳೆಗೆದುರಾಗಿ ಮೇಲಕ್ಕೆ.

ಮೊದಲು ನೆಲದ ವಿಚಾರ. ಹೊಳೆಯ ತಳದಲ್ಲಿ ತೆಂಗಿನಕಾಯಿ ಗಾತ್ರದಿಂದ ಕುಂಬಳಕಾಯಿ ಗಾತ್ರದವರೆಗಿನ ನುಣುಪು ಗುಂಡುಕಲ್ಲುಗಳು. ಒಂದರ ಮೇಲೊಂದು ಸಡಿಲವಾಗಿ ಕೂತಿರುತ್ತವೆ, ಕಾಲಿಟ್ಟರೆ ಹೊರಳುತ್ತವೆ. ನೀರು ತುಸು ಕದಡಿದ್ದರೂ ಸಾಕು, ಮೊಣಕಾಲಿನಿಂದ ಕೆಳಗೆ ಏನೂ ಕಾಣದು. ಜಾರುವುದಕ್ಕಿಂತ ಹೆಚ್ಚಾಗಿ ಆಗುವ ತೊಂದರೆ ಎರಡು: ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಳ್ಳುವುದು, ಬೆರಳು ಕಲ್ಲಿಗೆ ಬಡಿಯುವುದು. ಸಹ್ಯಾದ್ರಿಯ ಹಳ್ಳಗಳಲ್ಲಿ ನಡೆದು ರೂಢಿ ಇರುವವರಿಗೆ ಪಾಚಿ ಜಾರು ಹೊಸದಲ್ಲ. ಹೊಸದೆಂದರೆ ಗಂಟೆಗಟ್ಟಲೆ ಬಿಡುವಿಲ್ಲದೆ ನೀರಿನೊಳಗೇ ಇರುವುದು.

ನಾಲ್ಕು ಪಾದರಕ್ಷೆ

ವಾಟರ್‌ಪ್ರೂಫ್ ಬೂಟು ಇಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಕುದುರೆಮುಖಕ್ಕೆ, ಕುಮಾರಪರ್ವತಕ್ಕೆ ಅಂತ ಕೊಂಡ ಬೂಟನ್ನೇ ಬೆಂಗಳೂರಿನಿಂದ ಹೊತ್ತು ತರುವವರಿದ್ದಾರೆ. ಅಲ್ಲಿ ಅದು ಸರಿ. ಇಲ್ಲಿ ಮೊದಲ ಹತ್ತು ನಿಮಿಷದಲ್ಲೇ ನೀರು ಮೇಲಿನ ಬಾಯಿಯಿಂದ ಒಳಗಿಳಿಯುತ್ತದೆ. ಹೊರಗಿನ ನೀರನ್ನು ತಡೆಯಲು ಹಾಕಿದ ಪದರವೇ ಈಗ ಒಳಗಿನ ನೀರನ್ನೂ ತಡೆದು ಹಿಡಿಯುತ್ತದೆ. ಹೆಜ್ಜೆ ಎತ್ತಿದಾಗಲೆಲ್ಲ ಎರಡು ಬಕೆಟ್ ಎತ್ತಿದ ಹಾಗೆ. ಸಾಯಂಕಾಲಕ್ಕೆ ತೊಡೆಯ ಸ್ನಾಯು ಸೋಲುತ್ತದೆ, ಬೀಳುವುದು ಆಗಲೇ. ಚರ್ಮದ್ದಾದರೆ ಮರುದಿನಕ್ಕೂ ಒಣಗುವುದಿಲ್ಲ. ಇದರ ಒಂದೇ ಗುಣ ಹಿಮ್ಮಡಿ-ಗೆಣ್ಣಿಗೆ ಸಿಗುವ ಆಸರೆ. ಅದು ಬೇರೆ ಕಡೆಯೂ ಸಿಗುತ್ತದೆ.

ನಿಮ್ಮ ಶೂ ಯಾವ ಜಾತಿಯದು ಅಂತ ಗೊತ್ತಿಲ್ಲದಿದ್ದರೆ ಮನೆಯಲ್ಲೇ ನೋಡಿಬಿಡಿ. ಬಚ್ಚಲಲ್ಲಿ ಒಂದು ಲೋಟ ನೀರನ್ನು ಶೂ ಒಳಗೆ ಹೊಯ್ದು ನೆಲದಿಂದ ಎತ್ತಿ ಹಿಡಿಯಿರಿ. ಬದಿಯ ಜಾಲರಿಯಿಂದ ಕೂಡಲೇ ಸೋರಿ ಹೋದರೆ ತನ್ನಿ. ನೀರು ಅಲ್ಲೇ ನಿಂತರೆ ಮನೆಯಲ್ಲೇ ಬಿಡಿ.

ಪಟ್ಟಿಯ ಸ್ಯಾಂಡಲ್ ನೀರನ್ನು ಹಿಡಿದಿಡುವುದೇ ಇಲ್ಲ, ಆ ಮಟ್ಟಿಗೆ ಮೊದಲ ಸ್ಥಾನ ಅದಕ್ಕೇ. ಆದರೆ ಬೆರಳು ಬಯಲಲ್ಲಿ. ತಳ ಕಾಣದ ನೀರಿನಲ್ಲಿ ಕಲ್ಲಿಗೆ ಬೆರಳು ತಾಗುವುದು ಎಷ್ಟು ಸಲ ಅಂತ ಎಣಿಸುವ ಗೋಜಿಗೆ ಹೋಗಬೇಡಿ. ಜೊತೆಗೆ ಜಲ್ಲಿ ಪಾದದಡಿ ಸೇರಿ ಕೂರುತ್ತದೆ, ಮರಳು ತುಂಬಿದ ವೆಲ್ಕ್ರೋ ಹಿಡಿತ ಬಿಡುತ್ತದೆ. ಮುಂಭಾಗ ಮುಚ್ಚಿದ ಸ್ಯಾಂಡಲ್ ಸ್ವಲ್ಪ ಮೇಲು, ಆದರೂ ಮೊದಲ ಒಂದೆರಡು ಮೈಲಿ ಅಡ್ಡಾಡಿ ಬರುವವರಿಗಷ್ಟೇ. ಉದ್ಯಾನದವರೂ ಬೆರಳು ಮುಚ್ಚುವ ಗಟ್ಟಿ ಶೂ ಹಾಕಿ ಎಂದೇ ಹೇಳುತ್ತಾರೆ.

ಕಾಡುದಾರಿಯಲ್ಲಿ ಓಡಲು ಮಾಡಿದ ಜಾಲರಿ ಮೈಯ ಟ್ರೇಲ್ ರನ್ನಿಂಗ್ ಶೂಗೂ, ಕಂದರಗಳ ನೀರಿನಲ್ಲಿ ನಡೆಯಲೆಂದು ಮಾಡಿದ ಕೆನ್ಯನಿಯರಿಂಗ್ ಶೂಗೂ ನಡುವೆ ಇರುವುದೇ ನಿಜವಾದ ಪೈಪೋಟಿ.

ಟ್ರೇಲ್ ಶೂ ಹಗುರ. ದಡ ಹತ್ತಿದ ನಾಲ್ಕು ಹೆಜ್ಜೆಯಲ್ಲಿ ನೀರು ಖಾಲಿ. ನಿಮ್ಮ ಕಾಲಿಗೆ ಆಗಲೇ ಪಳಗಿರುವುದರಿಂದ ಬೊಬ್ಬೆಯ ಭಯ ಕಡಿಮೆ. ದೌರ್ಬಲ್ಯ ಮೂರು. ಬದಿ ಮೆತ್ತಗಿರುವುದರಿಂದ ಗೆಣ್ಣಿಗೆ, ಕಿರುಬೆರಳಿಗೆ ಕಲ್ಲಿನ ಏಟು ನೇರ ಬೀಳುತ್ತದೆ. ಜಾಲರಿಯೊಳಗಿಂದ ನುಸುಳುವ ಸಣ್ಣ ಮರಳು ಹಿಮ್ಮಡಿಯ ಹತ್ತಿರ ಸೇರಿ ಉಜ್ಜುತ್ತದೆ. ಮೂರನೆಯದು ಅಟ್ಟೆ: ಕೆಸರಿಗೆಂದು ಮಾಡಿದ ಎತ್ತರದ ಗಟ್ಟಿ ಹಲ್ಲುಗಳು ಗುಂಡುಕಲ್ಲಿನ ಮೇಲೆ ತುದಿಯಷ್ಟೇ ತಾಗಿ ಜಾರುತ್ತವೆ. ಗಿಡ್ಡ ಹಲ್ಲಿನ, ಉಗುರು ಒತ್ತಿದರೆ ಸ್ವಲ್ಪ ತಗ್ಗುವ ಮೆದು ರಬ್ಬರಿನದ್ದು ಆರಿಸಿ. ಹೊಳೆಗೆ ಹಳೆಯದು ಸಾಕು ಅಂತ ವರ್ಷಗಟ್ಟಲೆ ಅಟ್ಟದಲ್ಲಿದ್ದ ಜೋಡಿಯನ್ನು ಮಾತ್ರ ತರಬೇಡಿ. ಒಣಗಿ ಸತ್ತ ಅಂಟು ನೀರು ಕುಡಿದರೆ ಅಟ್ಟೆ ಬಾಯಿ ಬಿಡುತ್ತದೆ, ಅದೂ ಹಿಂದಿರುಗುವ ಹೊತ್ತಿಗೆ. ನೀರಿನ ಬಾಟಲಿಗೆ ಒಂದು ಮೀಟರ್ ಡಕ್ಟ್ ಟೇಪ್ ಸುತ್ತಿಕೊಂಡಿದ್ದರೆ ಅಷ್ಟು ಹೊತ್ತಿಗೆ ಪಾರಾಗಬಹುದು.

ಕೆನ್ಯನಿಯರಿಂಗ್ ಶೂ ಈ ಕೆಲಸಕ್ಕೇ ಹುಟ್ಟಿದ್ದು: ಗೆಣ್ಣು ಮುಚ್ಚುವ ಎತ್ತರ, ಬೆರಳಿನ ಮುಂದೆ ಗಟ್ಟಿ ಕವಚ, ಬದಿಯಲ್ಲಿ ನೀರು ಹೋಗುವ ತೂತು, ಕಲ್ಲಿಗೆ ಅಂಟುವ ರಬ್ಬರ್. ಉದ್ಯಾನದ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಊರಿನ ಅಂಗಡಿಗಳಲ್ಲಿ ಸಾಕ್ಸ್ ಮತ್ತು ಕೋಲಿನ ಸಮೇತ ಬಾಡಿಗೆಗೆ ಸಿಗುತ್ತದೆ. ಹೊರಳುವ ಕಲ್ಲಿನ ಮೇಲೆ ಇದರ ಮುಂದೆ ಉಳಿದ ಮೂರೂ ಮಂಕು. ಕಲ್ಲಿಗೆ ಒದ್ದರೂ ಬೆರಳಿಗೆ ಸುದ್ದಿ ಮುಟ್ಟುವುದಿಲ್ಲ. ಆದರೆ ಬಿಗಿ, ಭಾರ. ನಿಲ್ದಾಣದಿಂದ ಹೊಳೆಗೆ ಇಳಿಯುವ ಜಾಗದ ತನಕ ರಿವರ್‌ಸೈಡ್ ವಾಕ್ ಎಂಬ ಒಂದು ಮೈಲಿ ಟಾರು ಹಾದಿ ಇದೆ. ಪಳಗದ ಬಾಡಿಗೆ ಶೂ ಬೊಬ್ಬೆ ಎಬ್ಬಿಸಲು ಶುರು ಮಾಡುವುದು ಈ ಒಣ ನೆಲದಲ್ಲೇ. ಹಿಮ್ಮಡಿಗೆ ಮೊದಲೇ ಟೇಪ್ ಅಂಟಿಸಿಕೊಳ್ಳಿ. ಅಳತೆಯನ್ನು ನಂಬರ್ ನೋಡಿ ಹೇಳಬೇಡಿ. ಹಿಂದಿನ ಸಂಜೆಯೇ ಹೋಗಿ, ನಿಯೊಪ್ರೀನ್ (ಸ್ಪಂಜಿನಂಥ ರಬ್ಬರ್) ಸಾಕ್ಸ್ ಹಾಕಿಕೊಂಡೇ ಶೂ ತೊಟ್ಟು, ಅಂಗಡಿಯ ಮೆಟ್ಟಿಲು ಇಳಿದು ನೋಡಿ. ಇಳಿಯುವಾಗ ಬೆರಳ ತುದಿ ಮುಂದೆ ತಾಗಿದರೆ ಒಂದು ಅಳತೆ ದೊಡ್ಡದು ಕೇಳಿ.

ನಮ್ಮ ತೀರ್ಮಾನ: ಬೇಸಿಗೆಯಲ್ಲಿ ನೀರು ಕಡಿಮೆ ಇದ್ದು, ಅರ್ಧ ದಿನದಲ್ಲಿ ಹಿಂದಿರುಗುವವರಿಗೆ ಸ್ವಂತ ಟ್ರೇಲ್ ಶೂ ಸಾಕು, ಬಾಡಿಗೆ ದಂಡ. ಪೂರ್ತಿ ದಿನ ನಡೆಯುವವರು, ಗೆಣ್ಣು ಹಿಂದೆ ಉಳುಕಿದವರು, ಶರತ್ಕಾಲದಲ್ಲಿ ಹೋಗುವವರು ಕೆನ್ಯನಿಯರಿಂಗ್ ಶೂ ತೆಗೆದುಕೊಳ್ಳಲಿ.

ಸಾಕ್ಸ್

ಶೂಗಿಂತ ಸಾಕ್ಸ್ ಹೆಚ್ಚು ವ್ಯತ್ಯಾಸ ಮಾಡುವ ದಿನಗಳೂ ಉಂಟು. ಬೇಸಿಗೆಯಲ್ಲಿ ಹೊಳೆಯ ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುತ್ತದೆ, ಚಳಿಗಾಲದಲ್ಲಿ 5ರ ಆಸುಪಾಸಿಗೆ ಇಳಿಯುತ್ತದೆ. ಬಿಸಿಲು ಕಂದರದ ತಳ ಮುಟ್ಟುವುದೇ ಅಪರೂಪ. 3 ಮಿಲಿಮೀಟರ್ ನಿಯೊಪ್ರೀನ್ ಸಾಕ್ಸ್ ನೀರನ್ನು ತಡೆಯುವುದಿಲ್ಲ. ಒಳಸೇರಿದ ತೆಳು ನೀರಿನ ಪದರವನ್ನು ಅಲ್ಲೇ ಹಿಡಿದಿಡುತ್ತದೆ, ಮೈಯ ಕಾವು ಅದನ್ನು ಬೆಚ್ಚಗೆ ಮಾಡುತ್ತದೆ. ಸಡಿಲವಾಗಿದ್ದರೆ ಹೊಸ ತಣ್ಣೀರು ಹರಿದಾಡುತ್ತಲೇ ಇರುತ್ತದೆ, ಕೆಲಸ ಕೆಟ್ಟಿತು. ಹಾಗಾಗಿ ಸಾಕ್ಸ್ ಬಿಗಿ ಇರಬೇಕು, ಶೂ ಸಡಿಲ ಇರಬೇಕು. ಟ್ರೇಲ್ ಶೂನಲ್ಲಿ ಜಾಗ ಸಾಲದಿದ್ದರೆ ಒಳಗಿನ ತೆಗೆಯಬಹುದಾದ ಅಟ್ಟೆಯನ್ನು ತೆಗೆದುಬಿಡಿ. ಟಾರು ಹಾದಿಯನ್ನು ಮಾಮೂಲಿ ಸಾಕ್ಸ್‌ನಲ್ಲಿ ನಡೆದು, ಹೊಳೆಗಿಳಿಯುವ ಮೆಟ್ಟಿಲ ಹತ್ತಿರ ಬದಲಿಸಿದರೆ ಬೆವರಿ ಬೊಬ್ಬೆ ಏಳುವುದು ತಪ್ಪುತ್ತದೆ.

ಉಣ್ಣೆಯ ಸಾಕ್ಸ್ ನಡು ಬೇಸಿಗೆಗೆ ಪರವಾಗಿಲ್ಲ. ಹತ್ತಿಯದು ಮರಳನ್ನು ಹಿಡಿದುಕೊಂಡು ಚರ್ಮ ಸುಲಿಯುತ್ತದೆ. ಯಾವುದೇ ಇರಲಿ, ಗಂಟೆಗೊಮ್ಮೆ ಜಲ್ಲಿ ದಿಬ್ಬದ ಮೇಲೆ ಕೂತು ಶೂ ಬಿಚ್ಚಿ ತೊಳೆದುಕೊಳ್ಳಿ. ಎರಡು ನಿಮಿಷದ ಈ ಕೆಲಸಕ್ಕೆ ಸೋಮಾರಿತನ ಮಾಡಿದವರ ಹಿಮ್ಮಡಿ ಸಂಜೆ ನೋಡಬೇಕು.

ಕೋಲು

ಅಂಗಡಿಯವರು ಕೊಡುವ ದಪ್ಪ ಮರದ ಕೋಲಿಗೂ ಮಡಚುವ ಟ್ರೆಕ್ಕಿಂಗ್ ಕೋಲಿಗೂ ಹೋಲಿಕೆ ಮಾಡಿದರೆ, ನೀರು ಹೆಚ್ಚಿದ್ದಾಗ ಮರದ್ದೇ ಗೆಲ್ಲುತ್ತದೆ, ಅದೂ ಲೀಲಾಜಾಲವಾಗಿ. ಕಾರಣ ಸರಳ. ಹೊಳೆಯಲ್ಲಿ ಕೋಲಿನ ಮೇಲೆ ಬೀಳುವ ಭಾರ ನೆಟ್ಟಗಿರುವುದಿಲ್ಲ, ಅಡ್ಡ ಬೀಳುತ್ತದೆ: ತುದಿ ಕಲ್ಲಿನ ಸಂದಿಯಲ್ಲಿ ಸಿಕ್ಕಿರುತ್ತದೆ, ಸೆಳವು ನಡುವನ್ನು ತಳ್ಳುತ್ತದೆ, ಮೇಲಿಂದ ನೀವು ಒರಗಿರುತ್ತೀರಿ. ಕಾರ್ಬನ್ ಕೋಲು ಆಗ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಅಲ್ಯುಮಿನಿಯಂ ಬಾಗುತ್ತದೆ, ಬಾಗಿದ್ದನ್ನು ಮತ್ತೆ ಒಳಗೆ ದೂಡಿ ಮಡಚಲು ಆಗುವುದಿಲ್ಲ. ತಿರುಚಿ ಬಿಗಿಮಾಡುವ ಕೋಲಿನೊಳಗೆ ಮರಳು ಸೇರಿದರೆ ಒರಗಿದಾಗ ಸರ್ರನೆ ಕುಸಿಯುತ್ತದೆ. ಚಿಮುಟಿಗೆಯಂತೆ ಒತ್ತಿ ಬಿಗಿಮಾಡುವ ಬಗೆ ಇದಕ್ಕಿಂತ ಮೇಲು. ಮರದ್ದು ಕೈ ಜಾರಿದರೆ ತೇಲುತ್ತದೆ, ಕೆಳಗಿನ ತಿರುವಿನಲ್ಲಿ ಯಾರಾದರೂ ಹಿಡಿದು ಕೊಡುತ್ತಾರೆ. ಲೋಹದ್ದು ಮುಳುಗಿದರೆ ಹೋಯಿತು. ದಡದಲ್ಲಿ ಬಿದ್ದಿರುವ ಕೊಂಬೆಗಳನ್ನು ನಂಬಬೇಡಿ, ಬಹುಪಾಲು ಲಡ್ಡಾಗಿರುತ್ತವೆ.

ಎತ್ತರ ಎದೆಯಿಂದ ಭುಜದ ನಡುವೆ ಇರಲಿ. ಸೊಂಟದ ಎತ್ತರದ್ದು ಒಂದಡಿ ಆಳ ಹೆಚ್ಚಾದರೆ ನಿಷ್ಪ್ರಯೋಜಕ.

ನೀರು ಕಡಿಮೆ ಇದ್ದಾಗ ಎರಡು ಅಲ್ಯುಮಿನಿಯಂ ಕೋಲು ಹಿಡಿದವರು ಒಂದೇ ಕೋಲಿನವರಿಗಿಂತ ವೇಗವಾಗಿ ನಡೆಯುತ್ತಾರೆ, ಇದನ್ನೂ ಒಪ್ಪಬೇಕು. ಆಗ ತುದಿಯ ಪ್ಲಾಸ್ಟಿಕ್ ಚಕ್ರ ತೆಗೆದಿಡಿ, ಸೆಳವು ಅದನ್ನು ಹಿಡಿದು ಎಳೆಯುತ್ತದೆ. ಮಣಿಕಟ್ಟಿನ ಪಟ್ಟಿಯೊಳಗೆ ಕೈ ತೂರಿಸಬೇಡಿ: ಬಿದ್ದಾಗ ಕೋಲು ಸಿಕ್ಕಿಕೊಂಡರೆ ಕೈಯೂ ಸಿಕ್ಕಿಕೊಳ್ಳುತ್ತದೆ. ಸಂಜೆ ಕೋಲನ್ನು ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ತೊಳೆದು ಬಿಡಿಬಿಡಿಯಾಗಿ ಒಣಗಿಸಿ.

ದಾಟುವ ಕ್ರಮ ಎರಡಕ್ಕೂ ಒಂದೇ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ ಒರಗಿ, ಅಡ್ಡಡ್ಡ ಹೆಜ್ಜೆ ಇಡಿ. ಎರಡು ಕಾಲು, ಒಂದು ಕೋಲು: ಒಮ್ಮೆಗೆ ಒಂದೇ ಎತ್ತಬೇಕು. ಕಾಲನ್ನು ಎತ್ತಿ ಇಡುವ ಬದಲು ತಳಕ್ಕೆ ತಾಗಿಸಿಕೊಂಡೇ ಸರಿಸಿ. ಇಕ್ಕಟ್ಟಾದ ಕಡೆ ಹತ್ತಿರ ಅನ್ನಿಸಿದರೂ ಆಳ ಅಲ್ಲೇ. ಅಗಲವಾಗಿ ಸಣ್ಣ ಅಲೆ ಎದ್ದು ಹರಿಯುವಲ್ಲಿ ದಾಟಿ. ತಿರುವಿನ ಹೊರಬದಿಯಲ್ಲಿ ಮಡು ಇರುತ್ತದೆ, ಒಳಬದಿ ಹಿಡಿಯಿರಿ.

ನೀರಿನ ಲೆಕ್ಕ

ಮೇಲೆ ಕಡಿಮೆ, ಹೆಚ್ಚು ಅಂದದ್ದಕ್ಕೆ ಅಳತೆ ಕ್ಯೂಸೆಕ್. ಕೆಆರ್‌ಎಸ್ ಹೊರಹರಿವಿನ ಸುದ್ದಿಯಲ್ಲಿ ಸಾವಿರಗಟ್ಟಲೆ ಕ್ಯೂಸೆಕ್ ಕೇಳಿದ ಕಿವಿಗೆ ಇಲ್ಲಿನ ಅಂಕಿ ತಮಾಷೆ ಅನ್ನಿಸೀತು: 150 ಕ್ಯೂಸೆಕ್ ಮೀರಿದರೆ ನ್ಯಾರೋಸ್ ಬಂದ್. ಆದರೆ ಅದು ಸೆಕೆಂಡಿಗೆ 4,200 ಲೀಟರ್‌ಗೂ ಹೆಚ್ಚು, 25 ಅಡಿ ಅಗಲದ ಓಣಿಯಲ್ಲಿ. 70ರ ಕೆಳಗೆ ಇದ್ದರೆ ಸಾಮಾನ್ಯವಾಗಿ ಮೊಣಕಾಲು ಮಟ್ಟ, ಮಡುಗಳಲ್ಲಿ ಸೊಂಟ. 100ರ ಸುತ್ತ ಬಂದರೆ ತೊಡೆಮಟ್ಟ ಮಾಮೂಲು. ಆಗ ಟ್ರೆಕ್ಕಿಂಗ್ ಕೋಲು ಬಿಟ್ಟು ಮರದ್ದು ಹಿಡಿಯಿರಿ. ವಸಂತದಲ್ಲಿ ಹಿಮ ಕರಗಿ ವಾರಗಟ್ಟಲೆ ಮುಚ್ಚಿರುವುದುಂಟು. ಉದ್ಯಾನದ ಜಾಲತಾಣದಲ್ಲಿ ಹೊಳೆಯ ಹರಿವನ್ನು ನೋಡಿಯೇ ಬಾಡಿಗೆ ಸಾಮಾನು ಆರಿಸಿ.

ಜುಲೈನಿಂದ ಸೆಪ್ಟೆಂಬರ್ ತನಕ ಗುಡುಗು ಮಳೆಯ ಕಾಲ. ಮೈಲಿಗಟ್ಟಲೆ ಆಚೆ ಬಿದ್ದ ಮಳೆ ಇಲ್ಲಿ ದಿಢೀರ್ ಪ್ರವಾಹವಾಗಿ ಬರುತ್ತದೆ. 2015ರ ಸೆಪ್ಟೆಂಬರ್ 14ರಂದು ಇದೇ ಉದ್ಯಾನದ ಕೀಹೋಲ್ ಕಂದರದಲ್ಲಿ ಏಳು ಜನ ಹೀಗೇ ಸತ್ತರು. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಮೇಲಿನಿಂದ ಗುಡುಗುಡು ಸದ್ದು ಕೇಳಿದರೆ ಹತ್ತಿರದ ಎತ್ತರಕ್ಕೆ ಹತ್ತಬೇಕು. ಕೆಳಕ್ಕೆ ಓಡಿ ಗೆಲ್ಲಲಾಗದು.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಗೆ ಬೇಗ ಒಣಗುವ ಚಡ್ಡಿ, ಮೇಲೆ ಸಿಂಥೆಟಿಕ್ ಅಂಗಿ, ಚೀಲದಲ್ಲಿ ಒಂದು ಬೆಚ್ಚನೆ ಅಂಗಿ. ಜೀನ್ಸ್ ಬೇಡವೇ ಬೇಡ. ಅಕ್ಟೋಬರ್ ದಾಟಿದ ಮೇಲೆ ನೀರು ಒಳಬಿಡದ ಡ್ರೈ ಪ್ಯಾಂಟ್ ಬಾಡಿಗೆಗೆ ತೆಗೆದುಕೊಳ್ಳಬಹುದು, ಆದರೆ ಅದರ ಕೆಲಸ ಸೊಂಟದ ತನಕ. ಅದಕ್ಕಿಂತ ಆಳಕ್ಕೆ ಹೋದರೆ ಮೇಲಿಂದ ನೀರು ತುಂಬಿ ಅದೇ ಭಾರವಾಗುತ್ತದೆ. ಚಳಿಗಾಲಕ್ಕೆ ಪೂರ್ತಿ ಡ್ರೈ ಸೂಟೇ ಸರಿ. ಫೋನು, ಒಣ ಬಟ್ಟೆ ಡ್ರೈ ಬ್ಯಾಗಿನಲ್ಲಿಟ್ಟು ಬಾಯಿಯನ್ನು ಮೂರು ಸುತ್ತು ಮಡಚಿ.

ಕೆಳಗಿನಿಂದಲೋ, ಮೇಲಿನಿಂದಲೋ?

ಕೆಳಗಿನಿಂದ ಹೋಗಲು ಪರವಾನಗಿ ಬೇಡ. ಬಿಗ್ ಸ್ಪ್ರಿಂಗ್ ಎಂಬ ಒರತೆಯ ತನಕ ಹೋಗಿ ಬರುವುದು ಸುಮಾರು 15 ಕಿಲೋಮೀಟರ್. ಅಲ್ಲಿಂದ ಮುಂದೆ ಹತ್ತುವಂತಿಲ್ಲ. ಹೆಸರುವಾಸಿಯಾದ ವಾಲ್ ಸ್ಟ್ರೀಟ್ ಇಕ್ಕಟ್ಟು ಆರ್ಡರ್‌ವಿಲ್ ಕಂದರ ಬಂದು ಸೇರುವ ಕಡೆಯ ಆಸುಪಾಸಿನಲ್ಲೇ ಸಿಗುವುದರಿಂದ ಪೂರ್ತಿ ಹೋಗದಿದ್ದರೂ ನಷ್ಟವಿಲ್ಲ. ಹೋಗುವಾಗ ಸೆಳವಿಗೆದುರು, ಬರುವಾಗ ಸೆಳವಿನ ಜೊತೆ. ಬರುವಾಗ ಬೇಗ ಬರಬಹುದೆಂದು ಸಮಯವನ್ನು ಬಿಗಿ ಹಿಡಿಯಬೇಡಿ, ಸುಸ್ತಾದ ಕಾಲು ಹಿಂದಿನಿಂದ ತಳ್ಳುವ ನೀರಿನಲ್ಲಿ ಹೆಚ್ಚು ಎಡವುತ್ತದೆ. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡಿರಿ.

ಮೇಲಿನಿಂದ, ಅಂದರೆ ಚೇಂಬರ್ಲಿನ್ಸ್ ರಾಂಚ್‌ನಿಂದ ಇಳಿಯುವುದು 16 ಮೈಲಿ, ಸುಮಾರು 26 ಕಿಲೋಮೀಟರ್. ಪರವಾನಗಿ ಕಡ್ಡಾಯ, 120 ಕ್ಯೂಸೆಕ್ ಮೀರಿದರೆ ಅದನ್ನು ಕೊಡುವುದಿಲ್ಲ. ಆರಂಭದಲ್ಲಿ ದಾರಿ ಖಾಸಗಿ ಜಮೀನಿನ ಮೂಲಕ ಹಾಯುತ್ತದೆ, ಹೊರಡುವ ಮೊದಲು ಆಗಿನ ಸ್ಥಿತಿ ವಿಚಾರಿಸಿಕೊಳ್ಳಿ. ಒಂದೇ ದಿನದಲ್ಲಿ ಮುಗಿಸುವುದು ಗಟ್ಟಿ ಕಾಲಿನವರಿಗೂ ಹನ್ನೆರಡು ಗಂಟೆಯ ಕೆಲಸ. ಇದಕ್ಕೆ ಟ್ರೇಲ್ ಶೂ ಬೇಡ ಎನ್ನುತ್ತೇವೆ; ಇಷ್ಟು ಹೊತ್ತು ನೆನೆದು ಮೆತ್ತಗಾದ ಪಾದಕ್ಕೆ ಗಟ್ಟಿ ಅಟ್ಟೆಯೇ ಆಸರೆ. ರಾತ್ರಿ ತಂಗುವವರು ಕ್ಯಾಂಪಿಗೆ ಒಂದು ಜೊತೆ ಒಣ ಸಾಕ್ಸ್, ಹಗುರ ಚಪ್ಪಲಿ ಇಟ್ಟುಕೊಳ್ಳಿ. ಮಲವನ್ನು ಚೀಲದಲ್ಲಿ ಹೊತ್ತು ತರಬೇಕೆಂಬ ನಿಯಮವೂ ಇದೆ.

ಕುಡಿಯುವ ನೀರಿನ ವಿಷಯದಲ್ಲಿ ಇಬ್ಬರ ಲೆಕ್ಕವೂ ಬೇರೆ. ಕೆಳಗಿನಿಂದ ಹೋಗುವವರು ನಿಲ್ದಾಣದ ನಲ್ಲಿಯಲ್ಲಿ ತಲಾ ಮೂರು ಲೀಟರ್ ತುಂಬಿಕೊಂಡರೆ ಮುಗಿಯಿತು. ಮೇಲಿನಿಂದ ಬರುವವರಿಗೆ ಫಿಲ್ಟರ್ ಹಿಡಿದುಕೊಂಡರೆ ಸಾಕು ಅನ್ನಿಸುತ್ತದೆ, ಆದರೆ 2020ರ ಬೇಸಿಗೆಯಲ್ಲಿ ಈ ಹೊಳೆಯಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಅದರ ವಿಷವನ್ನು ಸಾಮಾನ್ಯ ಫಿಲ್ಟರ್ ತೆಗೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ತೀರಾ ಬೇಕಾದರೆ ಬಿಗ್ ಸ್ಪ್ರಿಂಗ್‌ನಂಥ ಕಡೆ, ಬಂಡೆಯಿಂದ ಒರತೆ ಹೊರಬರುವ ಬಾಯಲ್ಲೇ ಬಾಟಲಿ ಹಿಡಿದು, ಆಮೇಲೆ ಫಿಲ್ಟರ್ ಮಾಡಿ; ಹೊಳೆಗೆ ಬೆರೆತ ಮೇಲೆ ತುಂಬಬೇಡಿ.