ಡ್ರಿಫ್ಟ್ ಕಾರಿಗೆ ಬಿಎಂಡಬ್ಲ್ಯೂ ಎಂ54 ಎಂಜಿನ್: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಎಂಜಿನ್ ಎಣ್ಣೆ ಕುಡಿಯುತ್ತದೆ. ಡ್ರಿಫ್ಟ್ ಅಂದರೆ ಹಿಂದಿನ ಚಕ್ರ ಜಾರಿಸಿ ಕಾರನ್ನು ಅಡ್ಡಡ್ಡ ಓಡಿಸುವ ಆಟ; ಅದರ ಒಂದು ಭಾನುವಾರದ ಪ್ರಾಕ್ಟೀಸ್ ಮುಗಿಯುವಷ್ಟರಲ್ಲಿ ಅರ್ಧ ಲೀಟರ್ ಆಯಿಲ್ ಮಾಯ. ಅಷ್ಟಾದರೂ ಇವತ್ತು ಮತ್ತೆ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ.

ನನ್ನದು 2003ರ ಬಿಎಂಡಬ್ಲ್ಯೂ 318ಐ, ಇ46 ಬಾಡಿ (ಆ ತಲೆಮಾರಿನ 3 ಸೀರೀಸ್ ಕಾರಿಗೆ ಕಂಪನಿ ಇಟ್ಟ ಸಂಕೇತ). ಊರು ಧಾರವಾಡ, ಕೆಲಸ ಪುಣೆಯ ಪಿಂಪ್ರಿಯಲ್ಲಿ. ಕಾರು ಅಗ್ಗಕ್ಕೆ ಸಿಕ್ಕಿತು, ಯಾಕಂದರೆ ಅದರ ಎಂಜಿನ್ ಸತ್ತಿತ್ತು. ಅದು ಎನ್42, 2 ಲೀಟರಿನ ನಾಲ್ಕು ಸಿಲಿಂಡರ್, 143 ಹಾರ್ಸ್‌ಪವರ್. ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಮುರಿದು, ಚೂರುಗಳು ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಬಿದ್ದು, ಆಯಿಲ್ ಪಂಪಿನ ಜಾಲರಿ ಕಟ್ಟಿಕೊಂಡಿತ್ತು. ಈ ಎಂಜಿನ್ನಿಗೆ ಇದು ಹಳೇ ರೋಗ. ರಿಪೇರಿ ದುಡ್ಡಿಗೆ ಬೇರೆ ಎಂಜಿನ್ನೇ ಹಾಕಿಸಬಹುದು ಅನ್ನಿಸಿತು. ತಲೆನೋವು ಶುರುವಾದದ್ದು ಅಲ್ಲಿಂದ.

ಗೆಳೆಯರಲ್ಲಿ ಒಬ್ಬೊಬ್ಬರದು ಒಂದೊಂದು ದೇವರು. ಒಬ್ಬನಿಗೆ ಟೊಯೋಟಾ 1ಜೆಝಡ್-ಜಿಟಿಇ ಬಿಟ್ಟು ಬೇರೆ ಎಂಜಿನ್ನೇ ಇಲ್ಲ: 2.5 ಲೀಟರ್, ಕಬ್ಬಿಣದ ಬ್ಲಾಕ್, ಟರ್ಬೊ, ಕಂಪನಿಯಿಂದಲೇ 280 ಹಾರ್ಸ್‌ಪವರ್. ಇನ್ನೊಬ್ಬ ನಿಸಾನ್ ಎಸ್ಆರ್20ಡಿಇಟಿ ಅಂದ. ಹಗುರ, ಚಿಕ್ಕದು, ನಿಜ, ಆದರೆ ಲಿಮಿಟರಿಗೆ (ಆರ್‌ಪಿಎಂ ಮಿತಿಗೆ) ಬಡಿದು ಬಡಿದು ಓಡಿಸಿದರೆ ವಾಲ್ವ್ ಒತ್ತುವ ರಾಕರ್ ಆರ್ಮ್ ಹಾರಿಹೋಗುವ ಚಾಳಿ ಅದಕ್ಕಿದೆ, ಮತ್ತು ಡ್ರಿಫ್ಟ್ ಕಲಿಯುವವನು ಲಿಮಿಟರಿಗೆ ಬಡಿಯದೆ ಇರುತ್ತಾನಾ? ಮೂರನೆಯವನದು ಜಿಎಂ ಎಲ್ಎಸ್3. 6.2 ಲೀಟರ್, ವಿ8, 430 ಹಾರ್ಸ್‌ಪವರ್. ಅವನು ಹೇಳುವಾಗ ನನ್ನ ಬಾಯಲ್ಲೂ ನೀರೂರಿತು, ಸುಳ್ಳು ಯಾಕೆ.

ಆದರೆ ಈ ಮೂರೂ ಎಂಜಿನ್ ಇರುವ ಕಾರು ನಮ್ಮ ಶೋರೂಮಿನಲ್ಲಿ ಯಾವತ್ತೂ ಮಾರಾಟ ಆಗಿಲ್ಲ. ಭೋಸರಿಯಲ್ಲಿ ವಿಜಯಪುರದ ಕಡೆಯ ಮೇಸ್ತ್ರಿ ಒಬ್ಬರಿದ್ದಾರೆ, ನನ್ನ ಕಾರು ಅವರ ಕೈಯಲ್ಲೇ. ಎಲ್ಲ ಕೇಳಿ ಕೊನೆಗೆ ಅಂದರು: "ಸಾಹೇಬ್ರ, ರವಿವಾರ ಗಾಡಿ ಓಡಬೇಕಂದ್ರ ಶುಕ್ರವಾರ ಸಾಮಾನ ಕೈಯಾಗ ಇರಬೇಕ್ರಿ. ಜಪಾನದಿಂದ ಬರೂತನಕ ಗಾಡಿ ತೊಳಕೋತ ಕುಂದರ್ತೀರೇನ?"

ಅಲ್ಲಿಗೆ ತೀರ್ಮಾನ ಆಯಿತು. ಇದೇ ಇ46 ಬಾಡಿಯಲ್ಲಿ 330ಐ ಬರುತ್ತಿತ್ತಲ್ಲ, ಅದರ ಎಂಜಿನ್ ಎಂ54ಬಿ30. 3 ಲೀಟರ್, ಸಾಲಾಗಿ ಆರು ಸಿಲಿಂಡರ್, 231 ಹಾರ್ಸ್‌ಪವರ್, 300 ಎನ್ಎಂ ಟಾರ್ಕ್. ಬ್ಲಾಕ್ ಅಲ್ಯೂಮಿನಿಯಂ, ಆದ್ದರಿಂದ ಮೂತಿ ಭಾರ ಜಾಸ್ತಿ ಏರುವುದಿಲ್ಲ. ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ. ಎಂಜಿನ್ ಕೂರುವ ಫೌಂಡೇಶನ್, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ 330ಐಯದೇ ತಂದರೆ ಬಾಡಿ ಕೊಯ್ಯುವ ಕೆಲಸವೇ ಇಲ್ಲ.

ಎಂಜಿನ್ ಮುಂಬೈ ಕುರ್ಲಾದಲ್ಲಿ ಸಿಕ್ಕಿತು, ಗುಜರಿಗೆ ಬಂದ ಒಂದು ಎಕ್ಸ್5ನಿಂದ ಬಿಚ್ಚಿದ್ದು. ಅಂಗಡಿಯವನು "ಒಂದು ನಂಬರ್ ಮಾಲು" ಅಂತ ಆಣೆ ಮಾಡಿದ. ತಂದು ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ನೋಡಿದರೆ ಐದು ಸಿಲಿಂಡರ್ 12 ಬಾರ್ ಆಸುಪಾಸು, ಆರನೆಯದು 9. ಹೋಗುವಾಗ ಗೇಜ್ ಜೇಬಲ್ಲಿ ಇಟ್ಟುಕೊಂಡು ಹೋಗದಿದ್ದದ್ದು ನನ್ನ ದಡ್ಡತನ. ಎಂಜಿನ್ ಬಿಚ್ಚಿ ಹೊಸ ಪಿಸ್ಟನ್ ರಿಂಗ್ ಹಾಕಿಸಿದೆವು. ಇನ್ನೊಂದು ವಿಷಯ, ಎಕ್ಸ್5 ನಾಲ್ಕೂ ಚಕ್ರ ತಿರುಗುವ ಗಾಡಿ, ಅದರ ಚೇಂಬರಿನ ಒಳಗಿಂದಲೇ ಮುಂದಿನ ಆಕ್ಸಲ್ ಹಾದುಹೋಗುತ್ತದೆ. ಅದು ಇ46ಗೆ ಕೂರುವುದಿಲ್ಲ. ಚೇಂಬರ್ ಬೇರೆ ಹುಡುಕಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಕೀಲಿ, ಕೀಲಿ ಗುರುತಿಸುವ ಇಡಬ್ಲ್ಯೂಎಸ್ ಡಬ್ಬಿ ಮೂರನ್ನೂ ಎಂಜಿನ್ ಜೊತೆಗೇ ಕೇಳಿ ತನ್ನಿ, ಇಲ್ಲದಿದ್ದರೆ ಕಳ್ಳತನ ತಡೆಯುವ ಇಮೊಬಿಲೈಜರ್ ಸ್ಟಾರ್ಟ್ ಆಗಲು ಬಿಡುವುದಿಲ್ಲ.

ಗೇರ್‌ಬಾಕ್ಸ್ ಕಥೆ ಬೇರೆ. ನನ್ನ ಹಳೇ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂಡುವ ಮುಂದಿನ ಭಾಗ) ಆರು ಸಿಲಿಂಡರ್ ಬ್ಲಾಕಿಗೆ ಹೊಂದಲಿಲ್ಲ. ಎಕ್ಸ್5 ಆಟೊಮ್ಯಾಟಿಕ್. ಆರು ಸಿಲಿಂಡರಿನ ಮ್ಯಾನುವಲ್ ಗೇರ್‌ಬಾಕ್ಸಿಗೆ ಐದು ತಿಂಗಳು ಅಲೆದೆ, ಎಂಜಿನ್ನಿಗಿಂತ ಅದಕ್ಕೇ ಹೆಚ್ಚು ಕೊಟ್ಟೆ. ಸಾಮಾನು ಸುಲಭವಾಗಿ ಸಿಗುತ್ತದೆ ಅಂತ ಕೊಚ್ಚಿಕೊಂಡವನಿಗೆ ಸರಿಯಾದ ಪೆಟ್ಟು. ಹಾಗಾಗಿ ಗೇರ್‌ಬಾಕ್ಸ್ ಕೈಗೆ ಬರುವ ತನಕ ಎಂಜಿನ್ನಿಗೆ ಅಡ್ವಾನ್ಸ್ ಕೊಡಬೇಡಿ.

ಇನ್ನು ಓಡಿಸಿದ ಅನುಭವ. ಚಾಕಣ್ ಕಡೆ ಒಂದು ಖಾಸಗಿ ಗೋದಾಮಿನ ಕಾಂಕ್ರೀಟ್ ಅಂಗಳ ಬಾಡಿಗೆಗೆ ಹಿಡಿದು ಓಡಿಸುತ್ತೇವೆ. ಮೊದಲ ಬೇಸಿಗೆಯಲ್ಲೇ ಕೂಲೆಂಟ್ ಡಬ್ಬಿ ಸೀಳಿತು. ಈ ಎಂಜಿನ್ನಿನ ಕೂಲಿಂಗ್ ತುಂಬ ಪ್ಲಾಸ್ಟಿಕ್, ಮೇಲಾಗಿ ಮೂಲ ಥರ್ಮೋಸ್ಟಾಟ್ ತೆರೆಯುವುದೇ 97 ಡಿಗ್ರಿಗೆ. ಡ್ರಿಫ್ಟ್‌ನಲ್ಲಿ ಕಾರು ಅಡ್ಡಡ್ಡ ಹೋಗುತ್ತದೆ, ರೇಡಿಯೇಟರಿಗೆ ಎದುರು ಗಾಳಿ ಎಲ್ಲಿಂದ ಬರಬೇಕು? ಡ್ಯಾಶ್‌ಬೋರ್ಡಿನ ಮುಳ್ಳನ್ನಂತೂ ನಂಬಲೇಬೇಡಿ. ಬಿಸಿ ಎಷ್ಟೋ ಡಿಗ್ರಿ ಏರಿಳಿದರೂ ಅದು ನಡುವೆಯೇ ಕೂತಿರುತ್ತದೆ, ಅಲ್ಲಾಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಬೇರೆ ಮೀಟರ್ ಹಾಕಿಸಿದೆ. ಅಲ್ಯೂಮಿನಿಯಂ ರೇಡಿಯೇಟರ್, ಕರೆಂಟ್ ಫ್ಯಾನ್, ಬೇಗ ತೆರೆಯುವ ಥರ್ಮೋಸ್ಟಾಟ್, ಹೊಸ ವಾಟರ್ ಪಂಪ್. ಆಮೇಲೆ ಏಪ್ರಿಲ್ ಬಿಸಿಲಲ್ಲೂ ತೊಂದರೆ ಇಲ್ಲ.

ಎರಡನೇ ವರ್ಷ ಉದ್ದ ತಿರುವಿನಲ್ಲಿ ಹೆಡ್‌ನಿಂದ ಟಿಕ್‌ಟಿಕ್ ಸದ್ದು. ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗುತ್ತಿರಲಿಲ್ಲ. ಚೇಂಬರ್ ಇಳಿಸಿ ಒಳಗೆ ತಡೆತಗಡು ವೆಲ್ಡ್ ಮಾಡಿಸಿದೆವು. ಅದೇ ಕೈಯಲ್ಲಿ ಆಯಿಲ್ ಪಂಪಿನ ನಟ್ಟಿಗೆ ತಂತಿ ಕಟ್ಟಿಸಿದೆ. ಹೆಚ್ಚು ಆರ್‌ಪಿಎಂನಲ್ಲಿ ಅದು ಸಡಿಲವಾಗುವುದು ಈ ಎಂಜಿನ್ನಿನ ಕುಖ್ಯಾತ ಕಾಯಿಲೆ, ಬಿಚ್ಚಿಕೊಂಡರೆ ಅಲ್ಲಿಗೇ ಮುಗಿಯಿತು. ಲೆಕ್ಕಕ್ಕೆ 6.5 ಲೀಟರ್ ಆಯಿಲ್, ನಾನು ಪ್ರಾಕ್ಟೀಸ್ ದಿನ ಅರ್ಧ ಲೀಟರ್ ಜಾಸ್ತಿ ಹಾಕುತ್ತೇನೆ. ಇನ್‌ಟೇಕಿನಲ್ಲಿ ಗಾಳಿಯ ದಾರಿ ಬದಲಿಸುವ ಡೀಸಾ ವಾಲ್ವನ್ನೂ ಒಮ್ಮೆ ತೆಗೆದು ಅಲ್ಲಾಡಿಸಿ ನೋಡಿ. ಅದರ ಪಿನ್ನು ಕಳಚಿ ಎಂಜಿನ್ ಒಳಗೆ ಹೋದರೆ ದೇವರೇ ಗತಿ.

ಎಂಜಿನ್ ಗಟ್ಟಿಯಾದ ಮೇಲೆ ಉಳಿದದ್ದು ಸೋತಿತು. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗಲಿ ಅಂತ ವೆಲ್ಡ್ ಮಾಡಿದ 318ಐಯ ಸಣ್ಣ ಡಿಫರೆನ್ಷಿಯಲ್ ಆರು ತಿಂಗಳಲ್ಲಿ ಪುಡಿ. ಡಿಕ್ಕಿಯ ಕೆಳಗೆ ಹಿಂದಿನ ಸಬ್‌ಫ್ರೇಮ್ (ಡಿಫರೆನ್ಷಿಯಲ್, ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದಲ್ಲಿ ಬಿರುಕು. ಎಲ್ಲ ಇ46ಗಳ ದುರ್ಬಲ ಜಾಗ ಅದು. ಪಟ್ಟಿ ಕೊಟ್ಟು ವೆಲ್ಡ್ ಮಾಡಿಸುವುದನ್ನು ಎಂಜಿನ್ ಹಾಕುವ ಮೊದಲೇ ಮಾಡಿ. ನಾನು ಆಮೇಲೆ ಮಾಡಿಸಿ ಕಾರನ್ನು ಎರಡು ಸಲ ಬಿಚ್ಚಿದೆ.

ಪವರ್ ಸಾಲುತ್ತಾ? ಸಣ್ಣ ಟೈರಿಗೆ, ಎರಡನೇ ಗೇರಿಗೆ ಧಾರಾಳ. ಮೂರನೇ ಗೇರಿನಲ್ಲಿ ಟೈರ್ ಜಾರಬೇಕಂದರೆ ಕ್ಲಚ್ ಒದೆಯಬೇಕು, ಅಂದರೆ ಒತ್ತಿ ತಟ್ಟನೆ ಬಿಡಬೇಕು. ಪುಣೆ ಸಮುದ್ರಕ್ಕಿಂತ ಸುಮಾರು 560 ಮೀಟರ್ ಎತ್ತರ, ಟರ್ಬೊ ಇಲ್ಲದ ಎಂಜಿನ್ನಿಗೆ ಇಲ್ಲಿ ಶೇಕಡಾ 5ರಷ್ಟು ಉಸಿರು ಕಡಿಮೆ. ಮಳೆಗಾಲದಲ್ಲಿ ಅದೂ ಲೆಕ್ಕಕ್ಕಿಲ್ಲ, ಒದ್ದೆ ಕಾಂಕ್ರೀಟಿನ ಮೇಲೆ ಟೈರ್ ದುಡ್ಡೂ ಉಳಿಯುತ್ತದೆ. ಆಕ್ಸಿಲರೇಟರಿಗೆ ಕೇಬಲ್ ಇಲ್ಲ, ಎಲೆಕ್ಟ್ರಾನಿಕ್, ಕಾಲಿಗೆ ಅರೆಗಳಿಗೆ ತಡ ಅನ್ನಿಸುತ್ತದೆ. ಅದಕ್ಕೆ ಒಗ್ಗಿಕೊಂಡಿದ್ದೇನೆ. ಅಗಲದ ಟೈರ್ ಹಾಕಿ ಹೊಗೆ ಎಬ್ಬಿಸಬೇಕು ಅನ್ನುವವರು ಟರ್ಬೊ ಕಡೆಗೇ ಹೋಗಿ, ಇದು ನಿಮಗಲ್ಲ.

ಈ ಕಾರನ್ನು ರಸ್ತೆಯಲ್ಲಿ ಓಡಿಸುವ ಆಸೆ ಮಾತ್ರ ಬೇಡ. ಆರ್‌ಸಿಯಲ್ಲಿರುವುದೇ ಬೇರೆ, ಬಾನೆಟ್ ಕೆಳಗಿರುವುದೇ ಬೇರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನು ಒಪ್ಪುವುದಿಲ್ಲ. ನಾವು ಹೋಗಿ ಬರುವುದೆಲ್ಲ ಟ್ರಕ್ಕಿನ ಮೇಲೆ ಏರಿಸಿಕೊಂಡು, ಅದರ ಬಾಡಿಗೆಯೂ ಖರ್ಚಿನಲ್ಲೇ ಸೇರಿಸಿಕೊಳ್ಳಿ.

ಮೂರು ವರ್ಷದಲ್ಲಿ ಸಾಮಾನು ಸಿಗದೆ ತಪ್ಪಿದ ಭಾನುವಾರ ಎರಡೇ. 1ಜೆಝಡ್ ಹಾಕಿಸಿದ ಗೆಳೆಯನ ಕಾರು ಒಂದು ಸೆನ್ಸರಿಗಾಗಿ ಏಳು ವಾರ ತಾರ್ಪಾಲಿನ ಕೆಳಗಿತ್ತು. ಓಡಿದ ದಿನ ಮಾತ್ರ ಅವನನ್ನು ಹಿಡಿಯುವುದಕ್ಕೆ ನನ್ನಿಂದಾಗಲ್ಲ. ಈ ಮಳೆ ನಿಂತ ಮೇಲೆ ಆಯಿಲ್ ಕೂಲರ್ ಹಾಕಿಸಬೇಕು. ಮೇಸ್ತ್ರಿ ಆಗಲೇ ಬಂಪರ್ ಹಿಂದಿನ ಜಾಗ ಅಳೆದು ಚಾಕ್‌ಪೀಸಿನಲ್ಲಿ ಗೆರೆ ಎಳೆದಿಟ್ಟಿದ್ದಾರೆ.