ಎಆರ್‌ಟಿ (ಎಚ್‌ಐವಿ ಔಷಧಿ) ಜೊತೆಗೆ ಬಿಪಿ ಮಾತ್ರೆ: ಆಮ್ಲೋಡಿಪಿನ್ ಅಥವಾ ಟೆಲ್ಮಿಸಾರ್ಟನ್?

ಎಚ್‌ಐವಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಟಿಎಲ್‌ಡಿ ಮಾತ್ರೆ ನುಂಗುವವರಿಗೆ ಸಾಮಾನ್ಯವಾಗಿ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಎಂಬ ಈ ಎರಡೂ ಬಿಪಿ ಮಾತ್ರೆಗಳು ಹೊಂದುತ್ತವೆ. ವ್ಯತ್ಯಾಸ ಎದ್ದು ಕಾಣುವುದು ರಿಟೊನಾವಿರ್ ಇರುವ ಎಚ್‌ಐವಿ ಔಷಧಿ ನುಂಗುವವರಲ್ಲಿ. ಲಿವರ್ ಆಮ್ಲೋಡಿಪಿನ್ ಅನ್ನು ಒಡೆಯುವ ಕೆಲಸವನ್ನು ರಿಟೊನಾವಿರ್ ನಿಧಾನ ಮಾಡುತ್ತದೆ. ರಕ್ತದಲ್ಲಿ ಆಮ್ಲೋಡಿಪಿನ್ ಹೆಚ್ಚಾಗಿ ಪಾದ ಊದಬಹುದು, ಎದ್ದು ನಿಂತರೆ ತಲೆ ಸುತ್ತಬಹುದು. ಅಂಥವರಿಗೆ 2.5 ಮಿ.ಗ್ರಾಂನಿಂದ ಶುರು ಮಾಡುವುದು ಒಳ್ಳೆಯದು.

ಟೆಲ್ಮಿಸಾರ್ಟನ್‌ಗೆ ಈ ತಂಟೆ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ (ಕಿಡ್ನಿ ತೊಂದರೆಯ ಸೂಚನೆ) ನನ್ನ ಮತ ಟೆಲ್ಮಿಸಾರ್ಟನ್‌ಗೇ. ಆದರೆ ಟೆನೊಫೊವಿರ್ ಕೂಡ ಕಿಡ್ನಿಯನ್ನು ಬಾಧಿಸಬಹುದು, ಹಾಗಾಗಿ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಿಳಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ತಪ್ಪಿಸಬೇಡಿ. ಗರ್ಭಿಣಿಯರಿಗಂತೂ ಟೆಲ್ಮಿಸಾರ್ಟನ್ ಬೇಡವೇ ಬೇಡ.

ಬಿಪಿ ನೋಡುವ ಡಾಕ್ಟರಿಗೆ ಎಆರ್‌ಟಿ ಮಾತ್ರೆಯ ಡಬ್ಬಿಯನ್ನೇ ತೋರಿಸಿ. ಮುಚ್ಚಿಟ್ಟರೆ ಡೋಸ್ ತಪ್ಪುವ ಅಪಾಯವಿದೆ.