ಸಖಿ ಒನ್ ಸ್ಟಾಪ್ ಸೆಂಟರ್: ರಾತ್ರಿ ಪಾಳಿಗೆ ಐದು ಸ್ಟಾರ್, ಆರನೇ ದಿನಕ್ಕೆ ಒಂದೂ ಇಲ್ಲ

ನಮ್ಮ ಜಿಲ್ಲಾಸ್ಪತ್ರೆ ಹಿಂದಿರುವ ಸಖಿ ಕೇಂದ್ರಕ್ಕೆ ನಾನು ಕೊಡೋದು ಐದಕ್ಕೆ ಮೂರು ಸ್ಟಾರ್. ಬರೀ ರಾತ್ರಿ ಪಾಳಿಯವರಿಗೆ ಅಂದರೆ ಐದಕ್ಕೆ ಐದೂ ಕೊಟ್ಟುಬಿಡುತ್ತೇನೆ. ಯಾವ ಊರು ಅಂತ ಬರೆಯಲ್ಲ, ನಾನು ಕರೆದುಕೊಂಡು ಹೋದವಳ ಗಂಡನ ಕೈಲೂ ಫೋನ್ ಇದೆ ನೋಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಹಿಂಸೆಗೆ ಸಿಕ್ಕ ಹೆಂಗಸರಿಗೆ ಅಂತ ಕೇಂದ್ರ ಸರ್ಕಾರ 2015ರಲ್ಲಿ ನಿರ್ಭಯಾ ನಿಧಿಯ ದುಡ್ಡಲ್ಲಿ ಶುರು ಮಾಡಿದ ಯೋಜನೆ. ಚಿಕಿತ್ಸೆ, ಪೊಲೀಸ್, ವಕೀಲರ ಸಲಹೆ, ಆಪ್ತಸಮಾಲೋಚನೆ, ಮಲಗೋಕೆ ಜಾಗ ಎಲ್ಲ ಒಂದೇ ಕಡೆ ಸಿಗಬೇಕು ಅನ್ನೋದು ಲೆಕ್ಕ. ನಮ್ಮ ರಾಜ್ಯದಲ್ಲಿ ಜಿಲ್ಲೆಗೊಂದಾದರೂ ಇದೆ, ದಿನದ 24 ಗಂಟೆ ತೆರೆದಿರುತ್ತೆ, ಒಂದು ರೂಪಾಯಿ ಕೊಡಬೇಕಿಲ್ಲ. 181ಕ್ಕೆ ಫೋನ್ ಮಾಡಿದರೆ ಹತ್ತಿರದ ಕೇಂದ್ರಕ್ಕೆ ತಿಳಿಸುತ್ತಾರೆ. ಬಾಗಿಲು ಒದೀತಿದ್ದಾನೆ ಅನ್ನೋ ಹೊತ್ತಲ್ಲಿ ಮಾತ್ರ ಮೊದಲು 112.

ನನ್ನ ಜೊತೆ ಬಂದಿದ್ದು ಚಿಕ್ಕಪ್ಪನ ಮಗಳು. ಕಂಕುಳಲ್ಲಿ ಮಗ, ಕೈಲಿ ಬಟ್ಟೆ ಅಂಗಡಿ ಕವರು, ಅಷ್ಟೇ. ಶಕ್ತಿ ಯೋಜನೆ ಬಗ್ಗೆ ಯಾರು ಏನೇ ಆಡಿಕೊಳ್ಳಲಿ, ಪರ್ಸಲ್ಲಿ ಬಿಡಿಗಾಸಿಲ್ಲದೆ ಊರು ದಾಟೋಕೆ ಅವಳಿಗೆ ಆಧಾರ್ ಕಾರ್ಡ್ ಒಂದೇ ಸಾಕಾಯಿತು.

ಬಾಗಿಲು ತೆಗೆದ ಅಮ್ಮ ಯಾರು, ಎಲ್ಲಿಂದ, ಏನಾಯ್ತು ಅಂತ ಒಂದೂ ಕೇಳಲಿಲ್ಲ. "ಮೊದ್ಲು ಮಗೂಗೆ ಏನಾದ್ರೂ ತಿನ್ಸಿ, ಬರ್ಕೊಳೋದು ಆಮೇಲೆ" ಅಂದರು. ಬನ್ನು, ಹಾಲು ಇತ್ತು. ಸೋಪು, ಟವೆಲ್, ಒಗೆದಿಟ್ಟಿದ್ದ ಒಂದು ನೈಟಿ ಕೊಟ್ಟರು. ಆಸ್ಪತ್ರೆ ಪಕ್ಕದಲ್ಲೇ ಇದ್ದಿದ್ದಕ್ಕೆ ಮೊಣಕೈ ಊತ, ಕತ್ತಿನ ಗುರುತು ಎಲ್ಲ ಅವತ್ತೇ ಡಾಕ್ಟರ್ ಕೈಲಿ ಬರೆಸಿದ್ದಾಯಿತು. ಅದಾದ ಮೇಲೆ ಆ ಅಮ್ಮ ಕೇಳಿದ್ದು, "ಈ ಫೋನ್ ಯಾರು ಕೊಡ್ಸಿದ್ದು?" ಗಂಡ ತನ್ನದೇ ಜಿಮೇಲ್ ಹಾಕಿ ಕೊಟ್ಟಿದ್ದ. ಇವಳು ಎಲ್ಲಿದ್ದಾಳೆ ಅಂತ ಅವನ ಫೋನಲ್ಲಿ ಮ್ಯಾಪ್ ತೋರಿಸುತ್ತಿತ್ತು, ಇವಳಿಗೆ ಅದು ಗೊತ್ತೇ ಇರಲಿಲ್ಲ. ಅವರು ಕೂತು ಲೊಕೇಶನ್ ಆಫ್ ಮಾಡಿಸಿ, ಆ ಖಾತೆ ತೆಗೆಸಿ, ವಾಟ್ಸ್ಆಪ್ ಬೇರೆ ಎಲ್ಲಾದರೂ ತೆರೆದಿದೆಯಾ ಅಂತಲೂ ನೋಡಿದರು. ಇಷ್ಟು ಬುದ್ಧಿ ನನಗೂ ಓಡಿರಲಿಲ್ಲ.

ಬೆಳಿಗ್ಗೆ ಪಾಳಿ ಬದಲಾಯಿತು, ಮಾತಿನ ಧಾಟಿಯೂ ಬದಲಾಯಿತು. ಹಗಲಿನ ಮೇಡಂ ಫೈಲು ತೆರೆಯೋ ಮೊದಲೇ "ಒಂದ್ಸಲ ಅವರನ್ನೂ ಕರೆಸಿ ಮಾತಾಡೋಣ, ಮಗು ಮುಖ ನೋಡಮ್ಮ" ಅಂತ ಶುರು ಮಾಡಿದರು. ಕತ್ತಲ್ಲಿ ಬೆರಳಿನ ಗುರುತು ಹಂಗೇ ಇತ್ತು. ಒಂದು ಸ್ಟಾರ್ ಅಲ್ಲೇ ಹೋಯಿತು. ರಾಜಿ ಬೇಡ ಅನ್ನೋದಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ಬೇಡ ಅಂದರೆ ಬೇಡ, ಮುಂದಿನ ಕಾಗದ ತೆಗೀರಿ ಅನ್ನಿ.

ಆ ಮುಂದಿನ ಕಾಗದದ ಹೆಸರು ಡಿಐಆರ್, ಅಂದರೆ ಕೌಟುಂಬಿಕ ಘಟನೆಯ ವರದಿ. ನನ್ನ ಪ್ರಕಾರ ಅಲ್ಲಿಂದ ತರಬೇಕಾದ್ದರಲ್ಲಿ ಮುಖ್ಯವಾದದ್ದೇ ಇದು, ಊಟ ಹಾಸಿಗೆಗಿಂತ ಜಾಸ್ತಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರಿರುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಅಂಗನವಾಡಿ ನೋಡಿಕೊಳ್ಳೋ ಸಿಡಿಪಿಒ ಅವರಿಗೇ ಈ ಕೆಲಸವೂ ಸೇರಿದೆ, ಪಾಪ ಅವರಿಗೆ ಮೊಟ್ಟೆ ಲೆಕ್ಕದಿಂದಲೇ ಪುರಸೊತ್ತಿರಲ್ಲ. ಆದರೂ ಬಿಡಬೇಡಿ. ಆ ವರದಿ ಇಟ್ಟುಕೊಂಡು ಮ್ಯಾಜಿಸ್ಟ್ರೇಟ್ ಮುಂದೆ ಅದೇ ಕಾಯ್ದೆಯ 12ನೇ ಸೆಕ್ಷನ್ ಕೆಳಗೆ ಪರಿಹಾರ ಕೇಳಿ ಅರ್ಜಿ ಹಾಕಬೇಕು. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿ ಕೇಳಿ.

ಮನೆ ವಿಷಯಕ್ಕೆ ಬೇಕಾಗೋದು 19ನೇ ಸೆಕ್ಷನ್. ಹೆಂಡತಿಯನ್ನು ಮನೆಯಿಂದ ಹಾಕಬೇಡ ಅಂತ ಕೋರ್ಟು ಹೇಳಬಹುದು, ಗಂಡನನ್ನೇ ಹೊರಗೆ ಹೋಗು ಅನ್ನಬಹುದು, ಇಲ್ಲಾ ಅಂಥದ್ದೇ ಬೇರೆ ಮನೆ ಮಾಡಿಕೊಡು, ಬಾಡಿಗೆ ಕಟ್ಟು ಅನ್ನಬಹುದು. ಹೊರಗೆ ಹೋಗು ಅನ್ನೋ ಆದೇಶವನ್ನು ಹೆಂಗಸಿನ ಮೇಲೆ ಮಾಡೋ ಹಾಗಿಲ್ಲ, ಹಾಗಾಗಿ ಅತ್ತೆ ಅಲ್ಲೇ ಇರುತ್ತಾರೆ. ಮನೆ ಮಾವನ ಹೆಸರಲ್ಲಿದೆ, ನಿನಗೇನು ಹಕ್ಕು ಅಂತ ಹೆದರಿಸಿದರೆ, 2020ರಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬಗ್ಗೆ ನಿಮ್ಮ ವಕೀಲರನ್ನು ಕೇಳಿ. ಸೊಸೆ ಬಾಳಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅಲ್ಲಿರುವ ಹಕ್ಕು ಕೇಳಬಹುದು ಅಂತ ಅದರಲ್ಲಿದೆ. ನಮಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದು ಪ್ರಾಧಿಕಾರದ ವಕೀಲೆ, ಸಖಿಯ ಗೋಡೆ ಮೇಲಿನ ಪೋಸ್ಟರಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನೊಂದು ಸ್ಟಾರ್ ಹೋಗಿದ್ದು ಆರನೇ ದಿನಕ್ಕೆ. ಸಖಿಯಲ್ಲಿ ಉಳಿಯೋಕೆ ನಿಯಮದ ಪ್ರಕಾರ ಐದು ದಿನ, ಕೋರ್ಟಿನ ಮೊದಲ ತಾರೀಕು ಆ ಐದು ದಿನಕ್ಕೆ ಕಾದು ಕೂತಿರುತ್ತಾ? ಆಮೇಲೆ ಶಕ್ತಿ ಸದನ, ಅಂದರೆ ಕಷ್ಟದಲ್ಲಿರೋ ಹೆಂಗಸರು ಉಳಿಯೋ ಆಶ್ರಯ ಮನೆ, ಮೊದಲಿನ ಸ್ವಧಾರ ಗೃಹ. ಅಲ್ಲಿ ತಿಂಗಳುಗಟ್ಟಲೆ ಇರಬಹುದು, ಆದರೆ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ನಾವು ನೋಡಿದ ಕಡೆ ಗೇಟು ದಾಟೋಕೆ ದಿನಾ ಅನುಮತಿ ಬೇಕಿತ್ತು, ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಎಂಟಕ್ಕೆ ಹೋಗಬೇಕಾದವಳು ಏನು ಮಾಡಬೇಕು? ಪಿಜಿಯವರು ಮಗು ಅಂದ ಕೂಡಲೇ ಫೋನ್ ಇಟ್ಟರು. ಬಾಡಿಗೆ ಮನೆಯವರು ಅಡ್ವಾನ್ಸ್ ಹೇಳೋಕೆ ಮೊದಲೇ ಕೇಳಿದ್ದು "ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ?" ಅಂತ. ಕೇಂದ್ರದವರು ಇಂಥ ಹತ್ತು ಮನೆ ಮಾಲೀಕರ ಜೊತೆ ಮೊದಲೇ ಮಾತಾಡಿಟ್ಟುಕೊಂಡಿದ್ದರೆ ನಾನೇ ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಕೊನೆಗೆ ಅವಳ ಜೊತೆ ಕೆಲಸ ಮಾಡೋ ಅಕ್ಕ ಒಬ್ಬರು ತಮ್ಮ ಮನೆಯ ಮುಂದಿನ ರೂಮು ಬಿಟ್ಟುಕೊಟ್ಟರು.

ಬಾಡಿಗೆಗೆ ಮಧ್ಯಂತರ ಆದೇಶ ಕೊಡಿ ಅಂತ 23ನೇ ಸೆಕ್ಷನ್ ಕೆಳಗೆ ಕೇಳಿದ್ದೇವೆ, ನೋಡಬೇಕು. ನೀವು ಹೋಗೋದಾದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ರೇಷನ್ ಕಾರ್ಡಿನ ಫೋಟೋ ಮೊದಲೇ ನಂಬಿಕಸ್ತರ ಹತ್ತಿರ ಕೊಟ್ಟಿಡಿ. ರೇಷನ್ ಕಾರ್ಡು ಯಾಕೆ ಅಂದರೆ, ಅದರಲ್ಲಿ ಯಜಮಾನಿ ಅತ್ತೆ, ಗೃಹಲಕ್ಷ್ಮಿಯ 2,000 ರೂಪಾಯಿ ಹೋಗೋದೂ ಅವರ ಖಾತೆಗೇ. ಇವಳ ಮತ್ತು ಮಗನ ಹೆಸರು ಆ ಕಾರ್ಡಿಂದ ಬಿಡಿಸಿ ಬೇರೆ ಮಾಡಿಸೋಕೆ ಈಗ ಓಡಾಡುತ್ತಿದ್ದೇವೆ.